ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತವನು

ನಮ್ಮೂರ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ನನ್ನ ಹೆಂಡತಿಯನ್ನು ಅಧ್ಯಕ್ಷೆ ಮಾಡಿದೆವು. ಮಾಡಿದೆವು ಎಂದರೆ, ನಾನು ಮಾಡಿದೆ. ಸಭೆಗೆ ಹೋಗುತ್ತಿದ್ದವನು ನಾನು, ಅವಳ ಕುರ್ಚಿಯಲ್ಲಿ ಕೂರುತ್ತಿದ್ದವನೂ ನಾನೇ. ಠರಾವು ಪುಸ್ತಕ ಮನೆಗೆ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಬಂದು ಸಹಿ ಹಾಕುತ್ತಿದ್ದಳು. ಊರವರು ನನ್ನನ್ನೇ ‘ಅಧ್ಯಕ್ಷರ’ ಎಂದು ಕರೆಯುತ್ತಿದ್ದರು. ನಾಚಿಕೆಯಿಲ್ಲದೆ ಓಗೊಡುತ್ತಿದ್ದೆ.

ಆಗೊಮ್ಮೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೋಡಲು ಯುರೋಪಿನ ಸಂಸತ್ತಿನ ಸದಸ್ಯೆಯೊಬ್ಬರು ಬಂದರು. ಬೆಳೆಯುವವರನ್ನೂ ಕಾಣಬೇಕೆಂದು ನಮ್ಮೂರಿಗೂ ಬರುವುದಾಯಿತು. ಅದೊಂದು ದಿನ ಹೆಂಡತಿಯನ್ನು ಇಳಕಲ್ ಸೀರೆಯಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ.

“ನಮಸ್ಕಾರ ಮಾಡಿ ಸುಮ್ಮನ ಕುಂದ್ರು. ಉಳಿದದ್ದು ನಾ ನೋಡ್ಕೋತೇನಿ” ಎಂದು ಪಾಠವನ್ನೂ ಹೇಳಿದ್ದೆ.

ಬಂದಾಕೆಗೆ ಅರವತ್ತು ದಾಟಿತ್ತು. ಧಾರವಾಡದ ಹುಡುಗಿಯೊಬ್ಬಳು ಅವರ ಮಾತನ್ನು ಕನ್ನಡಕ್ಕೆ ತರುತ್ತಿದ್ದಳು. ಅವರೂ ಸಣ್ಣ ಊರಿನ ಸದಸ್ಯೆಯಾಗಿಯೇ ಶುರು ಮಾಡಿದ್ದರಂತೆ. ಶಾಲೆಯ ಮುಂದೆ ಒಂದು ಬೀದಿದೀಪ ಹಾಕಿಸಲು ವರ್ಷಗಟ್ಟಲೆ ಜಗಳಾಡಿದ್ದರಂತೆ. ಆಮೇಲೆ ಆ ಊರಿನ ಮೇಯರ್, ಆಮೇಲೆ ದೇಶದ ಸಂಸತ್ತು, ಈಗ ಯುರೋಪಿನದು. ಮೊದಲ ಸಭೆಯಲ್ಲಿ ಹೆದರಿ ಬಾಯಿಂದ ಮಾತೇ ಬಂದಿರಲಿಲ್ಲವೆಂದು ನಕ್ಕರು. ನಂತರ ನನ್ನ ಹೆಂಡತಿಯತ್ತ ತಿರುಗಿ, ನೀವು ಮೊದಲ ಸಭೆಯಲ್ಲಿ ಏನು ಮಾತಾಡಿದಿರಿ ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಂಡು, ಸಿಮೆಂಟ್ ರಸ್ತೆಯ ಬಗ್ಗೆ ಎಂದು ಶುರುಮಾಡಿದೆ. ಬಂದಾಕೆ ನನ್ನ ಕಡೆ ನೋಡಲೇ ಇಲ್ಲ.

“ನಾ ಸಭಾಕ್ಕ ಹೋಗೇ ಇಲ್ಲರಿ” ಎಂದಳು ನನ್ನ ಹೆಂಡತಿ. “ನಮ್ಮ ಮನಿಯವ್ರು ಹೋಗ್ತಾರ. ನಾ ಮನ್ಯಾಗ ಸಹಿ ಮಾಡ್ತೇನಿ.”

ಹುಡುಗಿ ತಡವರಿಸಿ ನನ್ನ ಮುಖ ನೋಡಿದಳು.

“ಅವ್ರನ್ನ ಏನ್ ನೋಡ್ತೀಯವ್ವ, ಇದ್ದದ್ದು ಇದ್ದಂಗ ಹೇಳು” ಎಂದಳು ಇವಳು.

ಹುಡುಗಿ ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ಬಂದಾಕೆ ನನ್ನನ್ನು ಬಹಳ ಸೌಜನ್ಯದಿಂದ ಕೇಳಿದರು: ಹಾಗಾದರೆ ಇಲ್ಲಿ ನಿಮ್ಮ ಹುದ್ದೆ ಯಾವುದು? ಪಂಚಾಯ್ತಿ ಸದಸ್ಯರೆಲ್ಲ ನೆಲ ನೋಡುತ್ತ ಕೂತರು.

ಇಷ್ಟೇ ಆಗಿದ್ದರೆ ಅವಮಾನವಾಯಿತು ಎಂದು ಹೇಳಿ ಮುಗಿಸಬಹುದಿತ್ತು. ಮುಂದಿನ ಸಭೆಯ ದಿನ ಅವಳು ಬೆಳಿಗ್ಗೆಯೇ ಅಡುಗೆ ಮುಗಿಸಿ, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ಲೇನು?” ಎಂದಳು.

“ಇವತ್ತೇನ್ ವಿಶೇಷ ಇಲ್ಲ ಬಿಡು” ಎಂದು ಬೈಕ್ ಹತ್ತಿದೆ.

ಅವಳು ಮತ್ತೆ ಕೇಳಲಿಲ್ಲ. ಅವಧಿ ಮುಗಿಯುವವರೆಗೆ ಎಲ್ಲ ಸಭೆಗಳಿಗೂ ನಾನೇ ಹೋದೆ.