ತಮ್ಮನ ದನಿ ಹುಡುಕಿಕೊಂಡು ಶಿರಸಿಯ ಅಂಗಡಿಗಳಲ್ಲಿ

ಯಲ್ಲಾಪುರದಿಂದ ಶಿರಸಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಅಷ್ಟಕ್ಕೆ ಬಸ್ಸು ಎರಡು ತಾಸು ತೆಗೆದುಕೊಂಡಿತು ಎಂದರೆ ರಸ್ತೆ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಿ. ಮಳೆಗಾಲದಲ್ಲಿ ಕಿತ್ತುಹೋದ ಡಾಂಬರನ್ನು ಫೆಬ್ರವರಿ ಬಂದರೂ ಯಾರೂ ಮುಟ್ಟಿರಲಿಲ್ಲ. ನನ್ನ ಪಕ್ಕದ ಕಿಟಕಿಯ ಗಾಜು ಮೇಲೇರುವಂಥದ್ದಲ್ಲ. ಮಂಚಿಕೇರಿ ಮುಟ್ಟುವಷ್ಟರಲ್ಲಿ ಧೂಳಿಗೆ ಉಟ್ಟ ಸೀರೆಯ ಬಣ್ಣವೇ ಬೇರೆಯಾಗಿತ್ತು. ಕಂಡಕ್ಟರನನ್ನು ಕರೆದು ಹೇಳಿದೆ. "ಸೀಟು ಬೇಕಾರೆ ಬದಲ್ಸಿ ಅಕ್ಕಾ, ಗಾಜು ಬದಲ್ಸೂದು ನನ್ ಕೈಲಿಲ್ಲೆ" ಎಂದು ಟಿಕೆಟ್ ಹರಿದು ಕೊಟ್ಟ. ಟಿಕೆಟ್ಟಿನ ದರ ಮಾತ್ರ ಹೊಸದಾಗಿತ್ತು.

ನಾನು ಊರು ಸುತ್ತುವ ಹೆಂಗಸಲ್ಲ. ಈ ಧೂಳಿನಲ್ಲಿ ಹೊರಟಿದ್ದು ತಮ್ಮ ವಿನಾಯಕನ ಸಲುವಾಗಿ. ಅವನದು ಯಲ್ಲಾಪುರದ ಹೆದ್ದಾರಿಗೆ ಮುಖಮಾಡಿದ ಸಣ್ಣ ಕಿರಾಣಿ ಅಂಗಡಿ. ಹಗಲು ಅಕ್ಕಿ ಬೇಳೆ ತೂಗುವುದು, ಸಂಜೆಯಾದರೆ ಎಲ್ಲಿ ತಾಳಮದ್ದಳೆಯಿದೆಯೋ ಅಲ್ಲಿಗೆ ಓಡುವುದು. ಬಣ್ಣವಿಲ್ಲ, ವೇಷವಿಲ್ಲ, ಕುಳಿತಲ್ಲೇ ಮಾತಿನಲ್ಲಿ ರಾಜ್ಯ ಕಟ್ಟಿ ಮಾತಿನಲ್ಲೇ ಕೆಡಹುವ ಆ ಆಟದಲ್ಲಿ ಅವನಿಗೆ ಸಿಗುತ್ತಿದ್ದುದು ಮಂತ್ರಿಯದೋ ದೂತನದೋ ಪಾತ್ರ. ಬಾಯಲ್ಲಿ ಸದಾ ಎಲೆಯಡಿಕೆಯ ಕವಳ, ಅದರೊಳಗೆ ತಂಬಾಕು. ಬಯ್ದು ಬಯ್ದು ನನ್ನ ನಾಲಿಗೆ ಸವೆಯಿತೇ ಹೊರತು ಅವನ ಚಟ ಸವೆಯಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನು ಉಸಿರಾಡುವುದು ಕುತ್ತಿಗೆಯಲ್ಲಿನ ತೂತಿನಿಂದ. ಅದಕ್ಕೊಂದು ತೆಳು ಬಟ್ಟೆ ಕಟ್ಟಿಕೊಂಡಿರುತ್ತಾನೆ.

ಆಗ ಅವನ ಮಗಳು ಪುಟ್ಟಿ ತೊಟ್ಟಿಲಲ್ಲಿದ್ದಳು. ಈಗ ನಾಲ್ಕು ವರ್ಷದ ಬಾಯಿಬಡುಕಿ. ಅಪ್ಪ ಮಾತಾಡಿದ್ದು ಅವಳಿಗೆ ನೆನಪೇ ಇಲ್ಲ. ಒಂದು ದಿನ ವಿನಾಯಕ ನನ್ನನ್ನು ಕರೆದು ತುಟಿ ಆಡಿಸಿದ. ಅವನ ತುಟಿ ನೋಡಿ ಮಾತು ತಿಳಿಯುವುದು ನನಗೆ ರೂಢಿಯಾಗಿದೆ. "ಹೆಗಡೆಕಟ್ಟಾ ಊರಲ್ಲಿ ಯನ್ನ ಪಾತ್ರ ಇದ್ದ ತಾಳಮದ್ದಳೆ ಕ್ಯಾಸೆಟ್ ಆಗಿತ್ತು. ಶಿರಸಿ ಅಂಗಡಿಲಿ ಇದ್ದಿಕ್ಕು. ಪುಟ್ಟಿ ಒಂದ್ಸಲ ಯನ್ನ ದನಿ ಕೇಳವು." ಧೂಳು ಅವನಿಗೆ ಆಗದು, ಬಂದರೂ ಅಂಗಡಿಯವರನ್ನು ಕೇಳುವುದು ಯಾವ ಬಾಯಿಂದ? ಹಾಗಾಗಿ ನಾನು ಹೊರಟೆ.

ಶಿರಸಿಯಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಮೋಡ ಕವಿದು ಸೆಕೆ ಕುದಿಯುತ್ತಿತ್ತು. ಸೀದಾ ಸಿ.ಪಿ. ಬಜಾರಕ್ಕೆ ನಡೆದೆ. ಹಿಂದೆ ಮದುವೆ ಸೀರೆಗೆಂದು ಬಂದಾಗ ಇಲ್ಲಿ ಅಂಗಡಿಗೊಂದು ಹಾಡು ಕೇಳುತ್ತಿತ್ತು. ಬೆಂಡಿನ ಬಾಸಿಂಗ ಮಾಡುತ್ತಿದ್ದ ಗುಡಿಗಾರರ ಮಳಿಗೆಯ ಬಾಗಿಲಿಗೆ ಈಗ ಬೀಗ. ಜಗಲಿಯ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ ಮಾರುವವನೊಬ್ಬ ಕುಳಿತಿದ್ದ. ಏಲಕ್ಕಿ, ಕಾಳುಮೆಣಸಿನ ಅಂಗಡಿಗಳು ಮಾತ್ರ ಹಾಗೇ ಇದ್ದವು. ಮುಂದೆ ಹಾದಾಗ ಆ ವಾಸನೆ ಮೂಗಿಗೆ ಬಡಿಯಿತು. ಕುತ್ತಿಗೆಯಿಂದ ಉಸಿರಾಡುವ ವಿನಾಯಕನಿಗೆ ಅದನ್ನು ಮೂಸುವ ಭಾಗ್ಯವೂ ಉಳಿದಿಲ್ಲ ಎಂದು ನೆನಪಾಗಿ ಬೇಸರವಾಯಿತು.

ಕ್ಯಾಸೆಟ್ ಅಂಗಡಿಯ ಗೋಡೆ ತುಂಬ ಹೊಳೆಯುವ ಸಿ.ಡಿ.ಗಳು. ನಡುವಯಸ್ಸಿನ ಮಾಲೀಕ ನನ್ನ ಮಾತು ಕೇಳಿ ತಲೆ ಕೆರೆದುಕೊಂಡ.

"ಅಯ್ಯೋ ಅಕ್ಕಯ್ಯ, ಈಗ ಕ್ಯಾಸೆಟ್ ಕೇಳವ್ವೇ ಇಲ್ಲೆ. ಹಳೇ ತಾಳಮದ್ದಳೆ ಎಲ್ಲ ಅಳಸಿ ಭಜನೆ ತುಂಬ್ಸಿ ಮಾರಿ ಆತು."

"ಒಂದೂ ಇಲ್ಯನ?"

"ಒಂದೂ ಇಲ್ಲೆ. ಆ ಪಾತ್ರೆ ಅಂಗಡಿ ಹೆಗಡೇರ ಕೇಳಿ ನೋಡಿ. ಅವ್ಕೆ ಇದರ ಹುಚ್ಚು."

ಪಾತ್ರೆ ಅಂಗಡಿಯ ಹೆಗಡೆಯವರು ತಾಮ್ರದ ಹಂಡೆಗಳ ನಡುವೆ ಕುಳಿತು ಪತ್ರಿಕೆ ಓದುತ್ತಿದ್ದರು. ತಮ್ಮನ ಹೆಸರು ಹೇಳಿದ್ದೇ ತಡ, ಕನ್ನಡಕ ತೆಗೆದರು. "ವಿನಾಯಕನ ಅಕ್ಕನ ನೀನು? ಕೂತ್ಕ, ಕೂತ್ಕ. ಎಂಥಾ ದನಿ ಮಾರಾಯ್ತಿ ಅವಂದು! ಈ ಹಂಡೆ ಬಡದ್ರೆ ಹಂಗೆ ನಾದ ಬರ್ತಿಲ್ಲೆ." ನನಗೆ ಜೀವ ಬಂದಂತಾಯಿತು. ಅವರು ಮರದ ಪೆಟ್ಟಿಗೆ ತೆರೆದು ಕ್ಯಾಸೆಟ್ಟುಗಳನ್ನೆಲ್ಲ ಸರಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ತಂಗಿ, ಯನ್ನತ್ರ ಇಪ್ಪದೆಲ್ಲ ದೊಡ್ಡವ್ರದ್ದೇಯ. ವಿನಾಯಕಂದು ಬೇಕು ಹೇಳಿ ಆವಾಗ ಅನಿಸಿದ್ದಿಲ್ಲೆ. ಬಿಡ್ಕಿಬೈಲಲ್ಲಿ ಗಫಾರ ಇದ್ದ. ಮೈಕ್ ಸೆಟ್ಟು ಹಾಕವ. ಹೆಗಡೆಕಟ್ಟಾದ್ದು ರೆಕಾರ್ಡ್ ಮಾಡಿದ್ದು ಅವನೇಯ."

ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಬನ್ಸು ತಿಂದು ಕಷಾಯ ಕುಡಿದೆ. ಬನ್ಸು ನಿನ್ನೆಯದು. ಜಗಳ ತೆಗೆಯಬೇಕೆಂದುಕೊಂಡವಳು ದುಡ್ಡು ಕೊಟ್ಟು ಎದ್ದೆ. ಹಾಳಾದ್ದು, ಆ ದಿನ ತಲೆಯಲ್ಲಿ ಒಂದೇ ಯೋಚನೆ: ಗಫಾರನ ಹತ್ತಿರವೂ ಇಲ್ಲದಿದ್ದರೆ ಬರಿಗೈಯಲ್ಲಿ ಹೋಗಿ ತಮ್ಮನ ಮುಖ ನೋಡುವುದು ಹೇಗೆ?

ಮಾರಿಕಾಂಬೆಯ ಜಾತ್ರೆ ನಡೆಯುವ ಬಿಡ್ಕಿಬೈಲಿನ ಮೂಲೆಯಲ್ಲಿ ಗಫಾರ ಸಾಬರ ಅಂಗಡಿ. ತುಕ್ಕು ಹಿಡಿದ ಧ್ವನಿವರ್ಧಕಗಳು ಬಾಯ್ತೆರೆದುಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಗಡ್ಡ ನರೆತ ಸಾಬರು ಹಳೆಯ ರೇಡಿಯೋ ಒಂದಕ್ಕೆ ಬೆಸುಗೆ ಹಾಕುತ್ತಿದ್ದರು. ತಮ್ಮನ ಕಾಯಿಲೆಯ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಕೇಳಿ, "ಯಾ ಅಲ್ಲಾ! ವಿನಾಯಕಣ್ಣಂಗಾ?" ಎಂದು ಬೆಸುಗೆಯ ಕಡ್ಡಿ ಕೆಳಗಿಟ್ಟರು. ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದೇ ಸುರುವಿ ಹುಡುಕಿದರು. ಮೂರನೆಯದರಲ್ಲಿ ಸಿಕ್ಕಿತು! ಮೇಲೆ ಹೆಗಡೆಕಟ್ಟಾ ಎಂದು ಬರೆದಿತ್ತು. ನಾನು ಅಲ್ಲೇ ಮಾರಿಕಾಂಬೆಗೆ ಕೈಮುಗಿದೆ.

ಟೇಪ್ ರೆಕಾರ್ಡರಿಗೆ ಹಾಕಿದರು. ಮೊದಲು ಮದ್ದಳೆ, ಭಾಗವತರ ಪದ್ಯ, ಆಮೇಲೆ ಕರಾವಳಿಯಿಂದ ಬಂದಿದ್ದ ದೊಡ್ಡ ಅರ್ಥಧಾರಿಯ ಮಾತು. ರಾಜನ ಪಾತ್ರ, ಅಂಗಡಿಯೇ ನಡುಗುವಂತಿತ್ತು. "ಎಲೈ ಮಂತ್ರಿ, ಏನು ಹೇಳುವೆ?" ಎಂದು ರಾಜ ಕೇಳಿದ. ಮಂತ್ರಿ ನನ್ನ ತಮ್ಮ. ಅವನು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ನಾನು ಮುಂದಕ್ಕೆ ಬಾಗಿದೆ. ಟಕ್ ಎಂದಿತು. ಮತ್ತೆ ರಾಜನದೇ ಮಾತು.

"ಏನಾಯ್ತು ಸಾಬರೇ?"

ಅವರು ಮುಂದೆ ಓಡಿಸಿದರು. ಮತ್ತೆ ರಾಜನ ಪ್ರಶ್ನೆ, ಮತ್ತೆ ಆ ಕೆಮ್ಮು, ಮತ್ತೆ ಟಕ್. ಎರಡೂ ಬದಿ ಹಾಗೆಯೇ.

ಗಫಾರ ಸಾಬರು ನನ್ನ ಮುಖ ನೋಡಲಿಲ್ಲ. "ರಾತ್ರಿಯಿಡೀ ನಡೆಯೋದು ಅಕ್ಕಾ, ಕ್ಯಾಸೆಟ್ಟು ಎಲ್ಲಿಗೆ ಸಾಕಾಗ್ತದೆ? ದೊಡ್ಡೋರು ಮಾತಾಡ್ವಾಗ ಒತ್ತೋದು, ಊರೋರು ಮಾತಾಡ್ವಾಗ ನಿಲ್ಸೋದು. ಎಲ್ರೂ ಹಂಗೇ ಮಾಡ್ತಿದ್ವಿ."

"ಅವನದು ಸ್ವಲ್ಪವಾದ್ರೂ ಹಿಡೀಬಾರದಿತ್ತಾ? ಅವನೇನು ಮನುಷ್ಯ ಅಲ್ವಾ?" ಎಂದು ಬಾಯಿಗೆ ಬಂದಂತೆ ಬಯ್ದೆ.

"ಹಿಡೀತೀನಿ ಅಂದಿದ್ದೆ ಅಕ್ಕಾ. ವಿನಾಯಕಣ್ಣನೇ ಬೇಡ ಅಂದ. ಪಕ್ಕದಲ್ಲೇ ಕೂತಿದ್ದ, ತನ್ನ ಸರದಿ ಬಂದಾಗ ನಂಗೆ ಕೈಸನ್ನೆ ಮಾಡಿ ನಿಲ್ಲಿಸ್ತಿದ್ದ. ನಂದು ದಿನಾ ಇರೋದೇ, ಅವ್ರು ದಿನಾ ಸಿಗ್ತಾರಾ ಗಫಾರಾ ಅಂದಿದ್ದ."

ನಾನು ದುಡ್ಡು ತೆಗೆದು ಮುಂದಿಟ್ಟೆ. ಸಾಬರು ದುಡ್ಡು ಮುಟ್ಟಲಿಲ್ಲ; ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟರು. ಪುಟ್ಟಿಗೆಂದು ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡದೇವಿನ ಪೊಟ್ಟಣ ಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಹತ್ತಿರದ ದೇವಿಕೆರೆಯ ನೀರು ಪಾಚಿಗಟ್ಟಿ ನಿಂತಿತ್ತು. ಕ್ಯಾಸೆಟ್ಟನ್ನು ಅದರಲ್ಲಿ ಎಸೆದು, ಸಿಗಲಿಲ್ಲ ಎಂದು ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ಕೈ ಬರಲಿಲ್ಲ. ಬೇಡ್ತಿ ಹೊಳೆ ದಾಟುವಾಗ ಕತ್ತಲಾಯಿತು.

ವಿನಾಯಕ ಅಂಗಡಿಗೆ ಬೇಗ ಬಾಗಿಲು ಹಾಕಿ, ಟೇಪ್ ರೆಕಾರ್ಡರಿನ ಧೂಳು ಒರೆಸಿ, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದಿದ್ದ. "ತಮಾ, ಮೊದ್ಲು ಒಂದು ಮಾತು ಕೇಳು" ಎಂದು ನಾನು ಶುರುಮಾಡುವ ಮೊದಲೇ ಸುತ್ತಿದ್ದ ಕಾಗದ ಬಿಚ್ಚಿ ಕ್ಯಾಸೆಟ್ ಹಾಕಿಬಿಟ್ಟ. ರಾಜ ಮಾತಾಡಿದ. ಕೆಮ್ಮು ಕೇಳಿತು. ಟಕ್ ಎಂದಿತು. ವಿನಾಯಕನ ಮುಖ ಬಿಳುಚಿತು. ಅಂದು ತಾನೇ ಕೈಸನ್ನೆ ಮಾಡಿ ನಿಲ್ಲಿಸಿದ್ದು ಅವನಿಗೆ ಈಗ ನೆನಪಾಯಿತೆಂದು ನನಗೆ ತಿಳಿಯಿತು. ಕುತ್ತಿಗೆಯ ಬಟ್ಟೆ ಬೇಗ ಬೇಗ ಏರಿಳಿಯತೊಡಗಿತು.

ಪುಟ್ಟಿ ಮಾತ್ರ ತೊಡದೇವು ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ರಾಜ ಗರ್ಜಿಸಿದಾಗ ಎರಡೂ ಕೈಯಿಂದ ಅಪ್ಪನ ಕೆನ್ನೆ ಹಿಡಿದಳು. "ಅಪ್ಪಾ, ಎಷ್ಟ್ ಚಂದ ಮಾತಾಡ್ತಿದ್ದೆ ನೀನು! ನಡು ನಡುವೆ ಕೆಮ್ಮವ ಯಾರು?"

ನಾನು ಬಾಯಿ ತೆರೆದೆ. ವಿನಾಯಕ ನನ್ನ ಕೈ ಹಿಡಿದು ಒತ್ತಿದ, ಬೇಡವೆಂದು ತಲೆಯಾಡಿಸಿದ. ಆಮೇಲೆ ಮಗಳ ಕಡೆ ತಿರುಗಿ, ಅದು ಯಾರೋ ಗೊತ್ತಿಲ್ಲ ಎಂಬಂತೆ ಕೈಯಾಡಿಸಿದ. ಪುಟ್ಟಿ ಇನ್ನೊಮ್ಮೆ ಹಾಕು ಎಂದಳು. ಅವನೇ ಹಿಂದಕ್ಕೆ ಓಡಿಸಿ ಮೊದಲಿನಿಂದ ಹಾಕಿದ.