ಕರೆಂಟಿನ ಗುಂಯ್ ಕೇಳಿದ ಮಿಸ್ತ್ರಿ

ಆಗ ನನಗೆ ಐವತ್ತೊಂಬತ್ತು. ಆರು ವರ್ಷದ ಹಿಂದಿನ ಮಾತು. ಸಿಂಧನೂರಿನ ಮೋಟಾರ್ ಮಿಸ್ತ್ರಿಯ ಬಲಗಿವಿಯಲ್ಲಿ ಕರಿ ದಡ್ಡು ಬಿದ್ದಿತ್ತು. ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಒತ್ತಿ ಆದದ್ದು. ಹಾಗೆ ಆಲಿಸಿಯೇ ಒಳಗೆ ಯಾವ ಬೇರಿಂಗ್ ಹೋಗಿದೆ, ಯಾವ ತಂತಿ ಸುಟ್ಟಿದೆ ಎಂದು ಹೇಳುತ್ತಿದ್ದ.

ಅಂಗಡಿಯಲ್ಲಿ ಫ್ಯಾನ್ ಇರಲಿಲ್ಲ. ಅದರ ಸದ್ದು ಕೆಲಸ ಕೆಡಿಸುತ್ತದಂತೆ. ತಂತಿಗೆ ಬಳಿಯುವ ವಾರ್ನಿಷ್ ನಾತಕ್ಕೆ ನಾನು ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಗದ್ದೆಯವರು "ಮೋಟಾರ್ ತಾನೇ ಸುಟ್ಟೈತಿ" ಎಂದರೆ, "ಯಾಕ, ಅದಕ್ಕ ಜೀವಾ ಬ್ಯಾಸರಾಗಿತ್ತೇನು?" ಎನ್ನುತ್ತಿದ್ದ. ನಾನು ಶಾಲೆಯ ಅಡುಗೆಯವಳು. ನಮ್ಮೂರಿಗೆ ಸಿಂಧನೂರಿಗಿಂತ ಮಸ್ಕಿ ಹತ್ತಿರ. ಆದರೂ ಶಾಲೆಯ ನೀರಿನ ಮೋಟಾರ್ ಕೆಟ್ಟಾಗಲೆಲ್ಲ ಅವನ ಬಳಿಗೇ ಒಯ್ಯುತ್ತಿದ್ದೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕೂತುಕೋ ಎಂದವನಲ್ಲ.

ಆ ವರ್ಷ ಊರಿನ ಎಲ್ಲರ ಫೋನಿನಲ್ಲೂ ನನ್ನ ದನಿ ಬಂತು: "ಹುಳ ಬಿದ್ದ ಅಕ್ಕಿ ಹುಡುಗರಿಗೆ ಹಾಕ್ತೀನಿ, ಏನ್ ಮಾಡ್ಕೋತಿ?"

ದನಿ ನನ್ನದೇ. ಮಾತು ನನ್ನದಲ್ಲ. ಶಾಲೆಗೆ ಅಕ್ಕಿ ತಂದು ಇಳಿಸುವವನಿಗೆ ನಾನು ಅಂದದ್ದು ಹೀಗೆ: "ಹುಳ ಬಿದ್ದ ಅಕ್ಕಿ ಹುಡುಗರಿಗೆ ಹಾಕಂಗಿಲ್ಲ. ವಾಪಸ್ ಒಯ್. ಇಲ್ಲಂದ್ರ ಎಮ್ಮಿಗೆ ಹಾಕ್ತೀನಿ, ಏನ್ ಮಾಡ್ಕೋತಿ?" ಅವನ ಕೈಯಲ್ಲಿ ಫೋನಿತ್ತು. ನಡುವಿನದನ್ನು ಕತ್ತರಿಸಿ ಎರಡು ತುದಿ ಕೂಡಿಸಿ ಊರಿಗೆ ಹಂಚಿದ್ದ.

ನನ್ನನ್ನು ಕೆಲಸದಿಂದ ನಿಲ್ಲಿಸಿದರು. ಮಕ್ಕಳನ್ನು ನನ್ನ ಕೈಯ ಅನ್ನಕ್ಕೆ ಬಿಟ್ಟು ಕೂಲಿಗೆ ಹೋಗುತ್ತಿದ್ದ ತಾಯಂದಿರೇ ನಳದ ಹತ್ತಿರ ನನ್ನನ್ನು ಕಂಡು ಉಗುಳಿದರು. ಹೆಡ್‌ಮಾಸ್ತರರು ಅಂದು ಬಾಗಿಲಲ್ಲೇ ನಿಂತು ಪೂರಾ ಮಾತು ಕೇಳಿದ್ದರು. ಈಗ "ನನಗ ನೆನಪಿಲ್ಲವ್ವ" ಎಂದರು. ಹುಳವನ್ನಾದರೂ ನೋಡಬಹುದು, ಆ ಮುಖ ನೋಡಲಾಗಲಿಲ್ಲ.

ಸದ್ದಿನಲ್ಲೇ ಕೇಡು ಹಿಡಿಯುವವನೆಂದು ಸಿಂಧನೂರಿಗೆ ಹೋಗಿ ಮಿಸ್ತ್ರಿಯ ಮುಂದೆ ಫೋನು ಇಟ್ಟೆ. ಅವನು ಅದನ್ನು ಹಳೆಯ ಆಂಪ್ಲಿಫೈಯರ್ ಡಬ್ಬಿಗೆ ಹಚ್ಚಿ, ಕಣ್ಣು ಮುಚ್ಚಿ ಏಳೆಂಟು ಸಲ ಕೇಳಿದ.

"ನನ್ನ ದನಿ ಹೌದೋ ಅಲ್ಲೋ ನೋಡಾಕತ್ತೀಯೇನು?" ಎಂದೆ.

"ನಿನ್ನ ದನಿ ಯಾರಿಗೆ ಬೇಕು? ಬಾಯಿ ಮುಚ್ಚು. ಹಿಂದ ಕರೆಂಟ್ ಗುಂಯ್ ಅನ್ನಾಕತ್ತೈತಿ, ಅದನ್ನ ಕೇಳು."

ನನಗೆ ಏನೂ ಕೇಳಲಿಲ್ಲ. ಅದು ಶಾಲೆಯ ಟ್ಯೂಬ್‌ಲೈಟಿನ ಗುಂಯ್; ದಿನವೆಲ್ಲ ಅದರ ಕೆಳಗೆ ಇರುವವರಿಗೆ ಕೇಳುವುದಿಲ್ಲ. ಕತ್ತರಿಸಿದವನಿಗೂ ಕೇಳಿರಲಿಲ್ಲ. ಪಾತ್ರೆಯ ಸದ್ದು, ಹುಡುಗರ ಗದ್ದಲ ತುಂಡಾಗದಂತೆ ಜೋಪಾನವಾಗಿ ಜೋಡಿಸಿದ್ದ.

"ಕರೆಂಟಿನ ನಡಿಗಿ ಒಂದೇ ಅಳತಿ ಇರ್ತೈತಿ. ಇಲ್ಲಿ, ಹುಡುಗರಿಗೆ ಅಂದಮ್ಯಾಲ, ಎಡವೈತಿ. ನಡುವಿಂದು ಹೋಗ್ಯಾದ," ಎಂದ. ಎದ್ದು ಬಾಗಿಲಾಚೆ ಉಗುಳಿದ. "ಥೂ. ಕತ್ತರಸಾಕೂ ಬರಂಗಿಲ್ಲ ಹಲ್ಕಟ್ ನನ್ಮಗಗ."

ಶಾಲೆಯಲ್ಲಿ ನನ್ನ ಮೇಲಿನ ವಿಚಾರಣೆಯ ದಿನ ಮಿಸ್ತ್ರಿ ಅಂಗಡಿ ಮುಚ್ಚಿ, ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ವಿಚಾರಣೆಗೆ ಬಂದ ಸಾಹೇಬರು, "ನಿನ್ನ ಕಿವಿ ಸಾಕ್ಷಿ ಆಗಂಗಿಲ್ಲಪಾ," ಎಂದರು.

"ನನ್ನ ಕಿವಿ ಬ್ಯಾಡ್ರಿ. ಆ ಅಕ್ಕಿಯವನ ಫೋನು ಲ್ಯಾಬಿಗೆ ಕಳಸ್ರಿ. ಅಲ್ಲಿ ಈ ಗುಂಯ್ ಗೆರಿ ಗೆರಿಯಾಗಿ ಕಾಣ್ತೈತಿ."

ಸಾಹೇಬರು ಕಳಿಸುತ್ತೇವೆಂದು ಬರೆದುಕೊಡುವ ತನಕ ಮಿಸ್ತ್ರಿ ಏಳಲಿಲ್ಲ. ಹೊರಗೆ ಬಂದು ನಾನು ಕೈ ಮುಗಿಯಲು ಹೋದರೆ ಮುಖ ಗಂಟು ಹಾಕಿದ. "ನಿನ್ನ ಸಲುವಾಗಿ ಬಂದಿಲ್ಲಬೇ. ಕೆಟ್ಟ ಜೋಡಣಿ ಕಂಡ್ರ ನನಗ ಹೇಸಿಗಿ."

ಲ್ಯಾಬಿನ ಕಾಗದ ಬರಲು ಎಂಟು ತಿಂಗಳಾಯಿತು. ಮಿಸ್ತ್ರಿ ಹೇಳಿದ ಜಾಗದಲ್ಲೇ ತುಂಡು ಎಂದು ಬರೆದಿತ್ತು. ಅದನ್ನು ಅವನಿಗೆ ತೋರಿಸಲಾಗಲಿಲ್ಲ. ಇಪ್ಪತ್ತು ದಿನ ಮೊದಲೇ ಲಿಂಗಸುಗೂರಿನ ಮಗಳ ಮನೆಯಲ್ಲಿ ಸತ್ತಿದ್ದ. ವಾರ್ನಿಷ್ ಹೊಗೆ ಎದೆ ತಿಂದಿತ್ತು.

ಹೆಡ್‌ಮಾಸ್ತರರು ನಮ್ಮ ಮನೆಗೇ ಬಂದರು. "ಆದದ್ದಾತು, ಮರತುಬಿಡವ್ವ. ನಾಳಿಂದ ಬಾ." ಅಕ್ಕಿ ಯಾರು ತರುತ್ತಾರೆ ಎಂದು ಕೇಳಿದೆ. ಎದ್ದು ಚಪ್ಪಲಿ ಮೆಟ್ಟಿದರು. ನನ್ನ ಮಾತು ಕತ್ತರಿಸಿದವನೇ ತರುತ್ತಿದ್ದ.

ಮರುದಿನ ಬೆಳಿಗ್ಗೆ ಹೋಗಿ ಮೊದಲ ಚೀಲ ಬಿಚ್ಚಿದೆ. ಬಿಳಿ ಹುಳ ಹರಿದಾಡುತ್ತಿತ್ತು. ಮೊರದ ತುಂಬ ಒಯ್ದು ಹೆಡ್‌ಮಾಸ್ತರರ ಮೇಜಿನ ಮೇಲೆ ಸುರಿದೆ. ಮೇಲೆ ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತು. ಈಗ ನನಗೂ ಕೇಳುತ್ತದೆ.

"ಫೋನ್ ತಗೀರಿ," ಎಂದೆ. "ಹುಳ ಬಿದ್ದ ಅಕ್ಕಿ ಹುಡುಗರಿಗೆ ಹಾಕಂಗಿಲ್ಲ. ಈ ಸಲ ಪೂರಾ ಹಿಡಕೋರಿ."