ಆವಿಸಳ ಉಯಿಲಿಗೆ ಬೇಕಾದ ಸಾಕ್ಷಿ

ನಮ್ಮ ಕೂಲಿಬಾ ಬೋರ್ ಊರಿಗೆ ಆ ವರ್ಷ ಒಂದು ಹನಿ ಮಳೆ ಬೀಳದೆಯೇ ಪ್ರವಾಹ ಬಂತು. ಕ್ವೀನ್ಸ್‌ಲ್ಯಾಂಡಿನ ಬಡಗಣಕ್ಕೆ ಎಲ್ಲೋ ಸುರಿದ ನೀರು ಮೂರು ವಾರ ನಿಧಾನವಾಗಿ ನಡೆದು ಬಂದು, ಬಿರುಬಿಸಿಲಿನಲ್ಲೇ ಊರನ್ನು ಸುತ್ತುವರಿಯಿತು. ರಸ್ತೆ ಮುಳುಗಿತು. ಕೆಂಪು ಮಣ್ಣಿದ್ದ ಕಡೆಯೆಲ್ಲ ಆಕಾಶ ಬಂದು ಮಲಗಿತು, ಅದರ ಮೇಲೆ ಪೆಲಿಕನ್ ಹಕ್ಕಿಗಳು ಇಳಿದವು. ಸಮುದ್ರದ ಕಡೆ ಇರಬೇಕಾದ ಆ ಹಕ್ಕಿಗಳಿಗೆ ಇಲ್ಲಿ ನೀರಿದೆ ಎಂದು ಯಾರು ಹೇಳಿದರೋ, ದೇವರೇ ಬಲ್ಲ.

ಆವಿಸ್ ಟ್ರೆಲೋರ್ ಜಗಲಿಯಲ್ಲಿ ಕೂತು ಅವನ್ನೇ ನೋಡುತ್ತಿದ್ದಳು. ಎಪ್ಪತ್ತೊಂಬತ್ತು ವರ್ಷ, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಗುರುವಾರ ಬ್ರಿಸ್ಬೇನಿನಲ್ಲಿ ಅವಳ ಎದೆ ಕೊಯ್ದು ಹೃದಯದ ಕವಾಟ ಬದಲಿಸುವವರಿದ್ದರು. ಇವತ್ತು ಎರಡು ಗಂಟೆಗೆ ಟಪಾಲು ವಿಮಾನದಲ್ಲಿ ಅವಳು ಹೊರಡಬೇಕು. ಉಯಿಲು ಮಾಡದೆ ಕಣ್ಣು ಮುಚ್ಚಿದರೆ ಮನೆ, ಪಿಯಾನೊ, ಹೊಲಿಗೆ ಯಂತ್ರ, ಆಡುಗಳು, ಎಲ್ಲವೂ ಪರ್ತ್‌ನಲ್ಲಿರುವ ಅಣ್ಣನ ಮಗನಿಗೆ. ಆ ಮಹಾನುಭಾವ ಈ ಊರನ್ನು ನಕ್ಷೆಯಲ್ಲೂ ನೋಡಿದವನಲ್ಲ. ಎಲ್ಲವನ್ನೂ ಗುಜರಿಗೆ ಹಾಕುತ್ತಾನೆ. ಸಾವಿಗಿಂತ ಆ ಗುಜರಿಗೇ ಅವಳು ಹೆಚ್ಚು ಹೆದರಿದ್ದಳು.

ವಕೀಲರನ್ನು ಹುಡುಕಿದ್ದೂ ಒಂದು ರಾಮಾಯಣವೇ. ನಗರದ ವಕೀಲರೆಲ್ಲ ನಯವಾಗಿಯೇ ಮಾತಾಡಿದರು, ಆದರೆ ಆಡನ್ನು ಒಬ್ಬರಿಗೆ, ಅದರ ಗಂಟೆಯನ್ನು ಇನ್ನೊಬ್ಬರಿಗೆ ಯಾಕೆ ಬರೆಯಬೇಕು ಎಂದು ಒಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಒಳನಾಡಿನ ಲಾಂಗ್‌ರೀಚ್ ಪೇಟೆಯ ಟೆಸ್ ಮೆಕಾರ್ಡಲ್ ಎಂಬ ಹುಡುಗಿ ಸಿಕ್ಕಳು. ಆವಿಸ್ ಫೋನಿನಲ್ಲೇ ಪರೀಕ್ಷೆ ಮಾಡಿದಳು: "ನಮ್ಮೂರಲ್ಲಿ ತಣ್ಣೀರು ನಲ್ಲಿ ತಿರುಗಿಸಿದ್ರೆ ಏನು ಬರುತ್ತೆ, ಹೇಳು ನೋಡೋಣ?"

"ಕುದಿಯೋ ನೀರು, ಪಾತಾಳದ ಬೋರ್‌ವೆಲ್‌ದಲ್ವಾ. ಹಿಂದಿನ ರಾತ್ರಿನೇ ಹಿಡಿದಿಟ್ಟು ಆರಿಸ್ಬೇಕು. ಚಿಕ್ಕವಳಿದ್ದಾಗ ಕೈ ಸುಟ್ಕೊಂಡಿದೀನಿ."

"ನೀನೇ ನಮ್ಮ ಲಾಯರು, ಬಾ ಮಗಾ!"

ಹಾಗೆ ಟೆಸ್ ಆ ದಿನದ ವಿಮಾನದಲ್ಲೇ ಬಂದಿಳಿದು, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿದ್ದಳು. "ಇಬ್ಬರು ಸಾಕ್ಷಿ ಬೇಕು. ನಾನೊಬ್ಬಳು. ಇನ್ನೊಬ್ಬರನ್ನ ಕರೀರಿ. ಉಯಿಲಲ್ಲಿ ಏನಾದ್ರೂ ಸಿಗೋರು ಮಾತ್ರ ಆಗಲ್ಲ. ಅವರು ಸಾಕ್ಷಿ ಹಾಕಿದ್ರೆ ಅವರ ಪಾಲು ಹೋಯ್ತು ಅಂತಾನೇ ಲೆಕ್ಕ."

ಆವಿಸ್ ಕೈಲಿದ್ದ ಟೀ ಕಪ್ಪನ್ನು ಕೆಳಗಿಟ್ಟಳು. "ಊರೋರಿಗೆಲ್ಲ ಬರೆದಿದೀನಲ್ಲ!"

"ಎಲ್ಲರಿಗೂ? ಈ ಪಟ್ಟಿ... ಪೂರ್ತಿ ಊರಾ?"

"ಮತ್ತೆ? ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರೆ ಚೆನ್ನಾಗಿರುತ್ತಾ?"

ಟೆಸ್ ಹಣೆ ಹಣೆ ಚಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಪೈಲಟ್ ಗಸ್ ಬಿದ್ದುಬಿದ್ದು ನಕ್ಕ. "ನಂಗೂ ಫ್ಲಾಸ್ಕ್ ಬರೆದಿದಾರೆ ಕಣ್ರೀ. ಹೋಗ್ಲಿ, ನನ್ನ ಹೆಸರು ಹೊಡೆದುಹಾಕಿ, ನಾನೇ ಸಹಿ ಹಾಕ್ತೀನಿ. ಹೊತ್ತಾಯ್ತು."

ಟೆಸ್ ಪೆನ್ನೆತ್ತಿದಳು. ಆವಿಸ್ ಮಾತ್ರ ಕಿಟಕಿಯಾಚೆಯ ನೀರಿನತ್ತ ತಿರುಗಿದಳು. ಇಪ್ಪತ್ತೆಂಟು ವರ್ಷ ಅವಳು ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸಿದವಳು. ಇದೇ ಮನೆಯ ಮುಂದಿನ ಕೋಣೆಯಲ್ಲಿ, ಕಿವಿಗೆ ಸಾಧನ ಸಿಕ್ಕಿಸಿಕೊಂಡು, ತಂತಿಗಳನ್ನು ತೂತಿಂದ ತೂತಿಗೆ ಚುಚ್ಚುತ್ತ. ಹೆರಿಗೆ, ಸಾವು, ದನದ ದರ, ಕದ್ದು ಕೊಟ್ಟ ಮುತ್ತು, ಎಲ್ಲವೂ ಅವಳ ಕಿವಿಯೊಳಗಿಂದಲೇ ಹಾದುಹೋಗಿದ್ದವು. ಯಂತ್ರ ಕಿತ್ತುಕೊಂಡು ಹೋಗಿ ಎಷ್ಟೋ ವರ್ಷವಾದರೂ ಮಧ್ಯಾಹ್ನದ ಮಂಪರಿನಲ್ಲಿ ಆ ದನಿಗಳು ಬಂದು ಮಾತಾಡಿಸುತ್ತಿದ್ದವು; ಸತ್ತವರು ಸತ್ತವರಿಗೆ ಫೋನು ಮಾಡಿ ಮಳೆ ಬಂತಾ ಎಂದು ಕೇಳುತ್ತಿದ್ದರು. ಆವಿಸ್ ಅರೆಗಣ್ಣಲ್ಲಿ ಕೂತು ಅವರಿಗೆಲ್ಲ ಲೈನು ಕೊಡುತ್ತಿದ್ದಳು. ಕೇಳಿದ್ದನ್ನು ಹೊರಗೆ ಬಿಡಬಾರದೆಂದು ಕೆಲಸಕ್ಕೆ ಸೇರಿದ ದಿನ ಪ್ರಮಾಣ ಮಾಡಿದ್ದಳು. ಒಂದೇ ಒಂದು ಮಾತೂ ಬಿಟ್ಟಿರಲಿಲ್ಲ.

"ಗಸ್‌ದು ತೆಗೀಬೇಡ," ಎಂದಳು ಕೊನೆಗೆ. "ಪಟ್ಟೀಲಿ ಇಲ್ಲದೋಳು ಒಬ್ಬಳಿದಾಳೆ. ನೋಲಾ."

ಗಸ್‌ನ ನಗು ನಿಂತಿತು. ನೋಲಾ ಪ್ರಾಟನ್ ಎದುರು ಮನೆಯವಳು. ಒಂದು ಕಾಲಕ್ಕೆ ಇಬ್ಬರದೂ ಒಂದೇ ಜೀವ. ಮೂವತ್ತೊಂದು ವರ್ಷದ ಹಿಂದೆ ನೋಲಾಳ ಗಂಡ ರೆಗ್ ಇನ್ನೊಬ್ಬಳ ಜೊತೆ ಓಡಿಹೋದ. ಅದಕ್ಕೆ ಮೊದಲು ಐದು ತಿಂಗಳು ಆ ಹೆಂಗಸಿಗೆ ಫೋನು ಮಾಡುತ್ತಿದ್ದ. ಲೈನು ಕೊಟ್ಟವಳು ಆವಿಸ್. "ನನ್ನ ಮನೇಲಿ ಕೂತು ಟೀ ಕುಡಿದ್ಯಲ್ಲೇ, ಎಲ್ಲ ಗೊತ್ತಿಟ್ಕೊಂಡು!" ಎಂದು ನೋಲಾ ಬೀದಿಯಲ್ಲಿ ನಿಂತು ಕೂಗಿದ್ದೇ ಕೊನೆ. ಇಪ್ಪತ್ತು ಜನವಿಲ್ಲದ ಊರಿನಲ್ಲಿ ಮೂವತ್ತೊಂದು ವರ್ಷ ಮುಖ ತಿರುಗಿಸಿಕೊಂಡು ಬದುಕುವುದೆಂದರೆ ಹುಡುಗಾಟವಲ್ಲ, ಇಬ್ಬರೂ ಹಟ ಹಿಡಿದು ಬದುಕಿದರು.

ಆವಿಸ್ ತಾನೇ ಬೀದಿ ದಾಟಿದಳು. ಎದೆ ಡವಗುಟ್ಟುತ್ತಿತ್ತು, ಅದಕ್ಕೆ ಕವಾಟವೊಂದೇ ಕಾರಣವಲ್ಲ. ಬಾಗಿಲು ತೆರೆದ ನೋಲಾ ವಿಷಯ ಕೇಳಿ, ಏಪ್ರನ್ನು ಕಳಚಿ ಹಿಂದೆಯೇ ಬಂದಳು. ಆವಿಸ್ ಸಹಿ ಮಾಡುವುದನ್ನು ಇಬ್ಬರೂ ನೋಡಿದರು. ಟೆಸ್ ಸಹಿ ಹಾಕಿದಳು, ನೋಲಾ ಹಾಕಿದಳು.

"ನಂಗೇನೂ ಬರೆದಿಲ್ಲ ಅಂತಾಯ್ತು," ಎಂದಳು ನೋಲಾ, ಪೆನ್ನಿನ ಮುಚ್ಚಳ ಹಾಕುತ್ತ.

ಆವಿಸಳ ಮುಖ ಸಪ್ಪಗಾಯಿತು. ಟೆಸ್ ಕಡೆ ತಿರುಗಿದಳು. "ಇವಳಿಗೆ ಏನಾದ್ರೂ ಸೇರಿಸೋಕಾಗುತ್ತಾ ಈಗ?"

"ಇದರಲ್ಲಿ ಆಗಲ್ಲ, ಸಾಕ್ಷಿ ಹಾಕಿಬಿಟ್ರಲ್ಲ. ಕೊಡೋದಿದ್ರೆ ಬದುಕಿರುವಾಗ ನಿಮ್ಮ ಕೈಯಾರೆ ಕೊಟ್ಬಿಡಿ."

ಟೆಸ್ ಕಾಗದ ಕಟ್ಟಿಕೊಂಡು, ಗಸ್ ಪೆಟ್ಟಿಗೆ ಎತ್ತಿಕೊಂಡು ಹೊರನಡೆದರು. ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಹೊರಗೆ ನೀರು ಬಿಸಿಲಿಗೆ ಮಿಣುಕುತ್ತಿತ್ತು, ಅದರ ಬೆಳಕು ಛಾವಣಿಯ ಮೇಲೆ ಮೆಲ್ಲಗೆ ಅಲೆಯಾಡುತ್ತಿತ್ತು. ಮನೆಯೇ ಎಲ್ಲಿಗೋ ತೇಲಿ ಹೊರಟಂತಿತ್ತು.

"ಏನು ಬೇಕು ಹೇಳು," ಎಂದಳು ಆವಿಸ್. "ಏನು ಕೇಳಿದ್ರೂ ಕೊಡ್ತೀನಿ."

"ಏನೇ ಕೇಳಿದ್ರೂ?" ನೋಲಾ ಕುರ್ಚಿ ಎಳೆದು ಕೂತಳು. "ರೆಗ್ ಅವಳ ಹತ್ರ ನನ್ನ ಬಗ್ಗೆ ಏನಂದ? ಅಷ್ಟು ಹೇಳು."

ವಿಮಾನದ ಎಂಜಿನ್ ಶುರುವಾದ ಸದ್ದು ಕೇಳಿತು. ಆವಿಸ್ ಅಂಗೈಯನ್ನು ಮೇಜಿನ ಮೇಲೆ ಉಜ್ಜಿದಳು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿಟ್ಟ ಬಾಯಿ. ಬಿಚ್ಚುವುದು ಎದೆ ಕೊಯ್ಸಿಕೊಳ್ಳುವುದಕ್ಕಿಂತ ಕಷ್ಟವೆನಿಸಿತು.

"ಕೊನೇ ದಿನ ಅವಳು ಕೇಳಿದ್ಲು, ನಿನ್ನ ಹೆಂಡ್ತಿ ಗತಿ ಏನು ಅಂತ. ಅವನು ಹೇಳ್ದ... 'ನೋಲಾ ಗಟ್ಟಿಗಿತ್ತಿ, ಅವಳಿಗೆ ಯಾರೂ ಬೇಕಾಗಿಲ್ಲ' ಅಂತ." ಆವಿಸ್ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಅವತ್ತೇ ಓಡಿಬಂದು ನಿಂಗೆ ಹೇಳ್ಬೇಕು ಅನ್ನಿಸ್ತು ಕಣೇ. ಹೇಳ್ಲಿಲ್ಲ. ತಪ್ಪಾಯ್ತು."

ನೋಲಾ ಎದ್ದು, ಆವಿಸಳ ಕೋಟನ್ನು ಗೂಟದಿಂದ ತೆಗೆದು, ತೋಳು ತೂರಿಸಲು ಹಿಡಿದಳು.

"ಅವನು ಹೋಗಿದ್ದಕ್ಕೆ ಒಂದು ವರ್ಷ ಅತ್ತಿದ್ದೆ," ಎಂದಳು. "ಆದ್ರೆ ನಂಗೆ ಬೇಕಾಗಿದ್ದೋಳು ನೀನು ಕಣೇ."